ಸೊಂಟನೋವು, ನಿಧಾನದ ಯೋಗ ಮತ್ತು ಹಿಡಿದಿಟ್ಟ ಉಸಿರು

ಮೂರು ವರ್ಷಗಳ ಹಿಂದಿನ ಡಿಸೆಂಬರಿನಲ್ಲಿ 20 ಲೀಟರಿನ ನೀರಿನ ಕ್ಯಾನನ್ನು ನೆಲದಿಂದ ಎತ್ತಲು ಹೋದಾಗ ನನ್ನ ಸೊಂಟ ಹಿಡಿದುಕೊಂಡಿತು. ಕ್ಯಾನನ್ನು ಕೆಳಗಿಟ್ಟ ಮೇಲೂ ನೆಟ್ಟಗೆ ನಿಲ್ಲಲು ಬರಲಿಲ್ಲ. ಅಡುಗೆಮನೆಯಿಂದ ಮಂಚದವರೆಗೆ ಗೋಡೆ ಹಿಡಿದುಕೊಂಡೇ ಹೋದೆ. ಎರಡು ವಾರವಾದರೂ ನೋವು ಇಳಿಯದಿದ್ದಾಗ ಡಾಕ್ಟರು ಎಂಆರ್‌ಐ ಮಾಡಿಸಿದರು. ಎಲ್‌4–ಎಲ್‌5 ಎಂಬ ಸೊಂಟದ ಮೂಳೆಗಳ ನಡುವಿನ ಮೆತ್ತೆ, ಅಂದರೆ ಡಿಸ್ಕ್, ಉಬ್ಬಿದೆ ಎಂದು ವರದಿ ಬಂತು. ‘ಇನ್ನು ಮುಂದೆ ಬಾಗಬೇಡಿ, ಭಾರ ಎತ್ತಬೇಡಿ, ನೆಲದ ಮೇಲೆ ಕೂರಬೇಡಿ’ ಎಂಬ ಮೂರು ಬೇಡಗಳನ್ನೂ ಒಂದು ಸೊಂಟದ ಬೆಲ್ಟನ್ನೂ ಪಡೆದುಕೊಂಡು ಮನೆಗೆ ಬಂದೆ.

ನೋವು ಒಂದೂವರೆ ತಿಂಗಳಲ್ಲಿ ಬಹುಪಾಲು ಇಳಿಯಿತು, ಆದರೆ ಹೆದರಿಕೆ ಇಳಿಯಲಿಲ್ಲ. ಒಂದು ಸಂಜೆ ಸಾರಿನ ಸೌಟು ಕೈಜಾರಿ ನೆಲಕ್ಕೆ ಬಿದ್ದಾಗ ನಾನು ಬಾಗಲಿಲ್ಲ. ಕಾಲಿನ ಹೆಬ್ಬೆರಳಿನಿಂದ ಅದನ್ನು ಬಾಗಿಲಿನ ಕಡೆಗೆ ತಳ್ಳಿ, ಮಗಳು ಕಾಲೇಜಿನಿಂದ ಬರುವವರೆಗೆ ಅಲ್ಲಿಯೇ ಬಿಟ್ಟೆ. ರಂಗೋಲಿ ನಿಂತಿತು, ಮದುವೆ ಮನೆಗಳ ಪಂಕ್ತಿ ಊಟ ನಿಂತಿತು. ನಾಲ್ಕು ತಿಂಗಳು ಬೆಲ್ಟ್ ಬಿಗಿದುಕೊಂಡೇ ತರಗತಿಯಲ್ಲಿ ಪಾಠ ಮಾಡಿದೆ. ನನಗೆ ಸೊಂಟವೊಂದಿದೆ ಎಂಬ ಎಚ್ಚರ ದಿನದ ಅಷ್ಟು ಹೊತ್ತೂ ಇರುತ್ತಿತ್ತು. ಆ ಎಚ್ಚರವೇ ರೋಗದ ಅರ್ಧ ಭಾಗ ಎಂಬುದು ಆಗ ನನಗೆ ತಿಳಿದಿರಲಿಲ್ಲ.

ಆ ವರದಿಯ ಬಗ್ಗೆ ಒಂದು ಮಾತನ್ನು ಯಾರಾದರೂ ಅಂದೇ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಈಗ ಅನ್ನಿಸುತ್ತದೆ. ಬೆನ್ನುನೋವೇ ಇಲ್ಲದ 3,110 ಜನರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ಒಂದು ವಿಮರ್ಶೆಯ ಪ್ರಕಾರ, ಇಪ್ಪತ್ತರ ಹರೆಯದವರಲ್ಲಿ ಶೇಕಡಾ 30ರಷ್ಟು ಜನರಿಗೂ ಐವತ್ತು ವಯಸ್ಸಿನವರಲ್ಲಿ ಶೇಕಡಾ 60ರಷ್ಟು ಜನರಿಗೂ ಡಿಸ್ಕ್ ಉಬ್ಬಿರುತ್ತದೆ. ಅವರಿಗೆ ಯಾವ ನೋವೂ ಇಲ್ಲ ಎಂಬುದನ್ನು ಗಮನಿಸಬೇಕು. ನನಗಾಗ ನಲವತ್ತೊಂಬತ್ತು. ತಲೆಗೂದಲು ನರೆತಿದೆ ಎಂದು ಬರೆದಂತೆಯೇ ಬರೆಯಬಹುದಾಗಿದ್ದ ಒಂದು ಸಾಲನ್ನು ನಾನು ತೀರ್ಪಿನಂತೆ ಓದಿಕೊಂಡು, ಆ ಲಕೋಟೆಯನ್ನು ಬೀರುವಿನಲ್ಲಿ ಮನೆಯ ಪತ್ರಗಳ ಜೊತೆಗೆ ಜೋಪಾನವಾಗಿಟ್ಟಿದ್ದೆ.

ಮುಂದಿನ ವರ್ಷ ಧೈರ್ಯ ತಂದುಕೊಂಡು ಬಡಾವಣೆಯ ಯೋಗ ತರಗತಿಯೊಂದಕ್ಕೆ ಸೇರಿದೆ. ರಥಸಪ್ತಮಿಯ ದಿನ ಬೆಳಗಿನ ಜಾವ ಮೈದಾನದಲ್ಲಿ 108 ಸೂರ್ಯ ನಮಸ್ಕಾರ. ಮೈಕಿನಲ್ಲಿ ಎಣಿಕೆ, ಮೊಬೈಲಿನಲ್ಲಿ ಫೋಟೊ. ನಾನು ಹೊಸಬಳು, ಹಿಂದೆ ಬೀಳಬಾರದೆಂಬ ಹಟ ಬೇರೆ. ಹನ್ನೆರಡು ಸ್ಥಿತಿಗಳ ಒಂದು ಸೂರ್ಯ ನಮಸ್ಕಾರದಲ್ಲಿ ಮುಂದಕ್ಕೆ ಬಾಗಿ ಪಾದ ಮುಟ್ಟುವ ಪಾದಹಸ್ತಾಸನ ಎರಡು ಸಲ ಬರುತ್ತದೆ; ಅಂದರೆ ಬಹಳ ಕಾಲದಿಂದ ಬಾಗದೇ ಇದ್ದ ಸೊಂಟವನ್ನು ಒಂದೇ ಬೆಳಿಗ್ಗೆ 216 ಬಾರಿ ಬಾಗಿಸುವ ಲೆಕ್ಕ. ಎಪ್ಪತ್ತರ ಆಸುಪಾಸಿನಲ್ಲಿ ನಿಲ್ಲಿಸಿದೆನೆಂದು ನೆನಪು. ಮರುದಿನ ಮತ್ತೆ ಗೋಡೆ ಹಿಡಿದು ನಡೆದೆ. ಸೂರ್ಯ ನಮಸ್ಕಾರದಲ್ಲಿ ದೋಷವಿಲ್ಲ, ನನ್ನ ಮಗಳ ವಯಸ್ಸಿನವರು ಅದನ್ನು ನಲಿಯುತ್ತ ಮಾಡುತ್ತಾರೆ. ಆದರೆ ಯಾರ ಸೊಂಟ ಹೇಗಿದೆ ಎಂದು ಒಂದು ಮಾತೂ ಕೇಳದೆ ಎಲ್ಲರನ್ನೂ ಒಂದೇ ಎಣಿಕೆಗೆ ಕುಣಿಸುವುದನ್ನು ಯೋಗ ಚಿಕಿತ್ಸೆ ಎಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ಈ ವಿಷಯದಲ್ಲಿ ಮೈಸೂರಿನವರಾದ ನಮಗೆ ಒಂದು ಹಳೆಯ ನೆನಪಿರಬೇಕು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1930ರ ದಶಕದಲ್ಲಿ ಜಗನ್ಮೋಹನ ಅರಮನೆಯಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಯೋಗಶಾಲೆ ನಡೆಸುತ್ತಿದ್ದಾಗ, ಅವರ ಎಳೆಯ ಶಿಷ್ಯರು ಅತಿಥಿಗಳ ಮುಂದೆ ಕಷ್ಟದ ಆಸನಗಳನ್ನು ಪ್ರದರ್ಶಿಸುತ್ತಿದ್ದರು. ಆ ಶಿಷ್ಯರಲ್ಲೊಬ್ಬರು ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿ, ಮಲೇರಿಯಾ, ಕ್ಷಯಗಳಿಂದ ಸೊರಗಿ, ಅಕ್ಕನ ಗಂಡನಾದ ಕೃಷ್ಣಮಾಚಾರ್ಯರ ಮನೆಗೆ ಬಂದ ಬಿ.ಕೆ.ಎಸ್. ಅಯ್ಯಂಗಾರ್. ಮುಂದೆ ಪುಣೆಯಲ್ಲಿ ನೆಲೆಸಿದ ಅವರೇ ಕುರ್ಚಿ, ಕಂಬಳಿ, ಬೆಲ್ಟು, ಹಗ್ಗ, ಮರದ ಇಟ್ಟಿಗೆಗಳನ್ನು ಯೋಗದೊಳಕ್ಕೆ ತಂದು, ಬಾಗಲಾರದ ಮೈಗೂ ಆಸನವನ್ನು ಒಗ್ಗಿಸಿದರು. ಪ್ರದರ್ಶನದ ಯೋಗವೂ ಆಸರೆಯ ಯೋಗವೂ ಒಂದೇ ಮನೆಯಿಂದ ಹೊರಟವು. ನಾವು ಮೈದಾನಕ್ಕೆ ಮೊದಲನೆಯದನ್ನಷ್ಟೇ ಒಯ್ದೆವು.

ನನಗೆ ಎರಡನೆಯದು ಸಿಕ್ಕಿದ್ದು ಸಹೋದ್ಯೋಗಿಯೊಬ್ಬರ ಮೂಲಕ. ಎಪ್ಪತ್ತು ದಾಟಿದ ಒಬ್ಬ ಟೀಚರಮ್ಮ, ಅವರ ಮನೆಯ ಹಜಾರ, ಒಂದು ಸಲಕ್ಕೆ ನಾಲ್ಕೇ ಜನ. ಮೊದಲ ದಿನ ಅವರು ಯಾವ ಆಸನವನ್ನೂ ಮಾಡಿಸಲಿಲ್ಲ. ಚಾಪೆಯ ಮೇಲೆ ಅಂಗಾತ ಮಲಗಿಸಿ, ಎರಡೂ ಮೀನಖಂಡಗಳನ್ನು ಕುರ್ಚಿಯ ಮೇಲಿರಿಸಿ, ತಲೆಯ ಕೆಳಗೆ ಮಡಿಸಿದ ಕಂಬಳಿಯಿಟ್ಟು, ‘ಬೆನ್ನು ಎಲ್ಲೆಲ್ಲಿ ಚಾಪೆಗೆ ತಾಗುತ್ತಿದೆ ನೋಡಮ್ಮ’ ಎಂದರು. ನೋಡಿದೆ. ಎಡಗಡೆ ಭಾರವಾಗಿ ಕೂತಿತ್ತು, ಬಲಗಡೆ ನೆಲಕ್ಕೆ ತಾಗಿಯೂ ತಾಗದಂತಿತ್ತು. ಸೊಂಟದ ಕಮಾನಿನ ಕೆಳಗೆ ಅಂಗೈ ಸಲೀಸಾಗಿ ತೂರುವಷ್ಟು ಜಾಗವಿತ್ತು. ಆ ಕಮಾನನ್ನು ಉಸಿರು ಬಿಡುತ್ತ ನೆಲದ ಕಡೆಗೆ ಒಂದಿಷ್ಟೇ ಇಳಿಸಬೇಕು, ಉಸಿರು ತೆಗೆದುಕೊಳ್ಳುತ್ತ ಬಿಟ್ಟುಬಿಡಬೇಕು, ಅಷ್ಟೇ ಕೆಲಸ. ನಾಲ್ಕನೆಯ ಸಲಕ್ಕೆ ಅವರು ನನ್ನ ಹೊಟ್ಟೆಯನ್ನೇ ನೋಡುತ್ತ, ‘ಉಸಿರು ಬಿಡಮ್ಮ, ಯಾಕೆ ಹಿಡಿದುಕೊಂಡಿದ್ದೀಯ?’ ಎಂದು ಕೇಳಿದರು. ನಾನು ಹಿಡಿದುಕೊಂಡಿದ್ದೇನೆಂಬುದು ಅವರು ಕೇಳಿದ ಮೇಲೆಯೇ ನನಗೆ ಗೊತ್ತಾಯಿತು.

ಮನೆಗೆ ಬಂದು ಗಮನಿಸುತ್ತ ಹೋದೆ. ಸ್ಕೂಟರಿನ ಸ್ಟ್ಯಾಂಡು ಹಾಕುವಾಗ, ಚಪ್ಪಲಿಯ ಪಟ್ಟಿ ಎಳೆಯುವಾಗ, ಕುಕ್ಕರ್ ಇಳಿಸುವಾಗ, ಎಲ್ಲ ಕಡೆಯೂ ನಾನು ಉಸಿರು ಬಿಗಿಹಿಡಿದು, ಹಲ್ಲು ಕಚ್ಚಿ, ಹೊಟ್ಟೆಯನ್ನು ಹಲಗೆ ಮಾಡಿಕೊಂಡು ಬಾಗುತ್ತಿದ್ದೆ. ನೋವಾದೀತೆಂಬ ನಿರೀಕ್ಷೆಗೆ ಬೆನ್ನಿನ ಸ್ನಾಯುಗಳು ಮೊದಲೇ ಬಿಗಿಯುತ್ತವೆ; ಬಿಗಿದ ಸ್ನಾಯು ದಣಿದು ನೋಯುತ್ತದೆ; ಆ ನೋವು ಹೆದರಿಕೆಗೆ ಸಾಕ್ಷಿಯಾಗಿ ನಿಲ್ಲುತ್ತದೆ. ಈ ಸುತ್ತು ನಿಲ್ಲಬೇಕಾದರೆ ‘ಬಾಗಿದರೂ ಏನೂ ಆಗಲಿಲ್ಲ’ ಎಂಬ ಅನುಭವ ನರಮಂಡಲಕ್ಕೆ ಮತ್ತೆ ಮತ್ತೆ ಸಿಗಬೇಕು. ಅದು ರಭಸದಲ್ಲಿ ಸಿಗುವುದಿಲ್ಲ, ಏಕೆಂದರೆ ರಭಸದಲ್ಲಿ ಹಲ್ಲು ಕಚ್ಚಿಯೇ ಇರುತ್ತೇವೆ. ಆದ್ದರಿಂದ ನಿಧಾನವೆಂಬುದು ಕೈಲಾಗದವರಿಗೆ ಕೊಟ್ಟ ರಿಯಾಯಿತಿಯಲ್ಲ, ಔಷಧಿಯ ಮುಖ್ಯ ಅಂಶವೇ ಅದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಕುರ್ಚಿಯ ಮೇಲೆ ಕಾಲಿಟ್ಟು ಮಲಗುವುದರಿಂದ ಬೆಕ್ಕಿನಂತೆ ಕೈ, ಮೊಣಕಾಲೂರಿ ಬೆನ್ನನ್ನು ಏರಿಳಿಸುವ ಮಾರ್ಜಾಲಾಸನಕ್ಕೆ, ಅಲ್ಲಿಂದ ಅಂಗಾತ ಮಲಗಿ ಸೊಂಟ ಎತ್ತುವ ಸೇತುಬಂಧಾಸನಕ್ಕೆ, ಗೋಡೆಗೆ ಕೈಯೂರಿ ಅರ್ಧ ಬಾಗುವುದಕ್ಕೆ ಬರಲು ನನಗೆ ಮೂರು ತಿಂಗಳು ಹಿಡಿಯಿತು.

ಇದು ಬರಿಯ ನನ್ನ ಅನುಭವವೆಂದು ತಳ್ಳಿಹಾಕುವವರಿಗಾಗಿ ಒಂದೆರಡು ಅಧ್ಯಯನಗಳನ್ನು ಹೇಳುತ್ತೇನೆ. ಅಮೆರಿಕದ ವೈದ್ಯರ ಸಂಘಟನೆಯಾದ ‘ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್’ 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯು ದೀರ್ಘಕಾಲದ ಸೊಂಟನೋವಿಗೆ ಮಾತ್ರೆಗಿಂತ ಮೊದಲು ವ್ಯಾಯಾಮ, ಯೋಗ, ಚೀನಾದ ನಿಧಾನ ಚಲನೆಯ ವ್ಯಾಯಾಮವಾದ ತೈ ಚಿ, ಸಾವಧಾನದ ಧ್ಯಾನ ಮುಂತಾದವನ್ನು ಪ್ರಯತ್ನಿಸಬೇಕೆಂದು ಹೇಳಿತು. ಅದೇ ವರ್ಷ ಬಾಸ್ಟನ್ ಪ್ರದೇಶದ 320 ಜನರ ಮೇಲೆ ನಡೆದ ಪರೀಕ್ಷೆಯ ವರದಿ ಬಂತು. ಅವರಲ್ಲಿ ಹೆಚ್ಚಿನವರು ಬಡವರು. ವಾರಕ್ಕೊಂದರಂತೆ 12 ವಾರಗಳ ಸೌಮ್ಯ ಯೋಗ ತರಗತಿಯು ಫಿಸಿಯೋಥೆರಪಿಗಿಂತ ಕಡಿಮೆಯದೇನಲ್ಲ ಎಂದು ಅಲ್ಲಿ ಕಂಡುಬಂತು. ನಮ್ಮ ಬೆಂಗಳೂರಿನ ಹೊರವಲಯದ ಜಿಗಣಿಯಲ್ಲಿರುವ ಯೋಗ ವಿಶ್ವವಿದ್ಯಾಲಯವಾದ ಎಸ್‌-ವ್ಯಾಸದಲ್ಲಿ 80 ರೋಗಿಗಳ ಮೇಲೆ ಒಂದು ವಾರ ಕಾಲ ನಡೆಸಿದ ಅಧ್ಯಯನ 2008ರಲ್ಲೇ ಪ್ರಕಟವಾಗಿತ್ತು. ಬರಿಯ ವ್ಯಾಯಾಮ ಮಾಡಿದವರಿಗಿಂತ ಯೋಗ ಮಾಡಿದವರ ಬೆನ್ನು ಹೆಚ್ಚು ಸಡಿಲಗೊಂಡಿತ್ತು. ಆದರೆ ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯು 12 ಪರೀಕ್ಷೆಗಳನ್ನು ಒಟ್ಟಿಗೆ ತೂಗಿದ 2017ರ ವಿಮರ್ಶೆಯಲ್ಲಿ ಲಾಭ ಸಣ್ಣದರಿಂದ ಮಧ್ಯಮ ಮಟ್ಟದ್ದೆಂದೂ, ಕೆಲವರಿಗೆ ಯೋಗದಿಂದಲೇ ನೋವು ಹೆಚ್ಚಿತೆಂದೂ ದಾಖಲಿಸಿದೆ. ನಾನೇ ಆ ಕೆಲವರಲ್ಲಿ ಒಬ್ಬಳಾಗಿದ್ದೆನಲ್ಲ.

ಸೊಂಟ ಹಿಡಿದ ಮೊದಲ ದಿನಗಳಲ್ಲಿ ಆಸನವೂ ಬೇಡ, ಹಾಸಿಗೆಯೂ ಬೇಡ. ಫಿನ್ಲೆಂಡಿನ ಹೆಲ್ಸಿಂಕಿ ನಗರದ ನೌಕರರ ಮೇಲೆ ನಡೆದು 1995ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎರಡು ದಿನ ಮಲಗಿದವರಿಗಿಂತಲೂ ಬೆನ್ನಿನ ವ್ಯಾಯಾಮ ಮಾಡಿದವರಿಗಿಂತಲೂ, ಸಹಿಸಲಾಗುವಷ್ಟು ಮಟ್ಟಿಗೆ ದಿನನಿತ್ಯದ ಕೆಲಸ ಮುಂದುವರಿಸಿದವರು ಬೇಗ ಚೇತರಿಸಿಕೊಂಡಿದ್ದರು. ಕಾಲಿನ ಬಲ ಕುಂದುತ್ತಿದ್ದರೆ, ಮೂತ್ರ ಅಥವಾ ಮಲದ ಹಿಡಿತ ತಪ್ಪಿದರೆ, ತೊಡೆಸಂದಿನಲ್ಲಿ ಜೋಮು ಹಿಡಿದರೆ, ಜ್ವರವೋ ಕಾರಣವಿಲ್ಲದ ತೂಕ ಇಳಿಕೆಯೋ ಜೊತೆಗಿದ್ದರೆ, ಬಿದ್ದು ಪೆಟ್ಟಾಗಿದ್ದರೆ, ಯೋಗ ಶಿಕ್ಷಕರ ಬಳಿಗಲ್ಲ, ನೇರವಾಗಿ ಆಸ್ಪತ್ರೆಗೆ ಹೋಗಬೇಕು. ಮೂಳೆ ಟೊಳ್ಳಾಗಿ ದುರ್ಬಲಗೊಂಡಿರುವ (ಆಸ್ಟಿಯೋಪೊರೋಸಿಸ್) ಹಿರಿಯರು ಪಶ್ಚಿಮೋತ್ತಾನಾಸನದಂಥ ಮುಂಬಾಗುವ ಆಸನಗಳಿಗೆ ಕೈಹಾಕಬಾರದು.

ಇದನ್ನೆಲ್ಲ ಹೇಳಿದೊಡನೆ ‘ಹಿಂದಿನವರಿಗೆ ಸೊಂಟನೋವೇ ಇರಲಿಲ್ಲ, ನೆಲದ ಮೇಲೆ ಕೂತು ಈಳಿಗೆ ಮಣೆಯಲ್ಲಿ ತರಕಾರಿ ಹೆಚ್ಚುತ್ತಿದ್ದರು’ ಎನ್ನುವವರು ಸಿಗುತ್ತಾರೆ. ನಮ್ಮಮ್ಮ ನಾಟಿಯ ಕಾಲದಲ್ಲಿ ಸೆರಗನ್ನು ಸೊಂಟಕ್ಕೆ ಬಿಗಿದು ಸುತ್ತಿಕೊಂಡು ಗದ್ದೆಗಿಳಿಯುತ್ತಿದ್ದಳು, ರಾತ್ರಿ ನನ್ನನ್ನು ಕರೆದು ಬೆನ್ನು ತುಳಿಸಿಕೊಳ್ಳುತ್ತಿದ್ದಳು. ನೋವಿತ್ತು; ಡಾಕ್ಟರಿಗೆ ತೋರಿಸಲು ಬಿಡುವಿರಲಿಲ್ಲ.

ಕಳೆದ ಏಪ್ರಿಲ್‌ನಲ್ಲಿ ಪಿಯುಸಿ ಮೌಲ್ಯಮಾಪನಕ್ಕೆ ಹೋದಾಗ, ಬೆನ್ನಿಗೆ ಆಸರೆಯಿಲ್ಲದ ಬೆಂಚಿನ ಮೇಲೆ ಎರಡು ದಿನ ಕೂತ ಮೇಲೆ ನೋವು ಮತ್ತೆ ತಲೆಹಾಕಿತು. ಮಾತ್ರೆ ಚೀಲದಲ್ಲಿತ್ತು, ಬೆಲ್ಟು ಮನೆಯಲ್ಲಿತ್ತು. ನಾಲ್ಕು ಉತ್ತರಪತ್ರಿಕೆಗಳಿಗೊಮ್ಮೆ ಎದ್ದು, ಕಿಟಕಿಯ ಕಟ್ಟೆಗೆ ಕೈಯೂರಿ, ಉಸಿರು ಬಿಡುತ್ತ ಅರ್ಧ ಬಾಗಿ, ಹತ್ತು ಉಸಿರು ಎಣಿಸಿ ಬಂದು ಕೂರುತ್ತಿದ್ದೆ. ಮೂರನೆಯ ದಿನ ಪಕ್ಕದ ಬೆಂಚಿನ ಭೌತಶಾಸ್ತ್ರದ ಮೇಷ್ಟ್ರು ಕನ್ನಡಕ ತೆಗೆದಿಟ್ಟು ಎದ್ದುಬಂದು, ‘ಆ ಕಡೆ ಸ್ವಲ್ಪ ಜಾಗ ಬಿಡಿ ಮೇಡಂ’ ಎಂದರು.