ಸ್ಪಷ್ಟನೆ: ಅಜ್ಜಿಯಂದಿರಿಗೆ ಮನೆಕೆಲಸವೇ ವ್ಯಾಯಾಮವಾದೀತೇ?

‘2020ರ ಲಾಕ್‌ಡೌನ್‌ನಲ್ಲಿ ವಾಕಿಂಗ್ ನಿಂತು ಸೊರಗಿದವರು ಅಜ್ಜಂದಿರು ಮಾತ್ರ, ಮನೆಕೆಲಸ ಇದ್ದ ಅಜ್ಜಿಯಂದಿರು ಗಟ್ಟಿಯಾಗೇ ಉಳಿದರು’ ಎಂಬ ವಾಟ್ಸ್ಆ್ಯಪ್ ಸಂದೇಶ ಉಡುಪಿ, ಮಂಗಳೂರಿನ ಗುಂಪುಗಳಲ್ಲಿ ತಿರುಗುತ್ತಿದೆ. ಇದು ಅರ್ಧ ಮಾತ್ರ ನಿಜ.

ಪಾರ್ಕ್ ಮುಚ್ಚಿದಾಗ ಮಂಗಳೂರಿನ ಕದ್ರಿ ಪಾರ್ಕಿಗೆ ನಡೆಯಲು ಹೋಗುತ್ತಿದ್ದ ಗಂಡಸರ ನಡಿಗೆ ನಿಂತದ್ದು ಹೌದು. ಆದರೆ ಹೆರೆಮಣೆ ಮೇಲೆ ಕೂತು ಕಾಯಿ ತುರಿಯುವುದು, ಮೊರ ಮಡಿಲಲ್ಲಿಟ್ಟು ಗಂಟೆಗಟ್ಟಲೆ ಬೀಡಿ ಕಟ್ಟುವುದು ಕೈಗೆ ದಣಿವು ಕೊಡುತ್ತವೆ, ತೊಡೆಗೆ ಬಲ ಕೊಡುವುದಿಲ್ಲ. ದಣಿವೇ ವ್ಯಾಯಾಮವಲ್ಲ. ಅಂಗಳ ಬಿರುಸಾಗಿ ಗುಡಿಸುವುದು, ಬಾವಿಯಿಂದ ನೀರು ಸೇದುವುದು ಲೆಕ್ಕಕ್ಕೆ ಬರುತ್ತವೆ. ಈಗ ಬಾವಿಗೂ ಪಂಪ್ ಬಂದಿದೆ ಅನ್ನಿ. ಮಾತಾಡಲು ಆಗಬೇಕು, ಹಾಡಲು ಆಗಬಾರದು: ಅಷ್ಟು ಏದುಸಿರು ಬಂದರೆ ಅದು ಮಧ್ಯಮ ಶ್ರಮ. 65 ದಾಟಿದ ಗಂಡಸರಿಗೂ ಹೆಂಗಸರಿಗೂ ವಾರಕ್ಕೆ ಕನಿಷ್ಠ 150 ನಿಮಿಷ ಅಂಥದ್ದು, 2 ದಿನ ಸ್ನಾಯುಬಲದ, 3 ದಿನ ಸಮತೋಲನದ ವ್ಯಾಯಾಮ ಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಕಾಲಿನ ಬಲದ ಪರೀಕ್ಷೆ ಮನೆಯಲ್ಲೇ ಆಗುತ್ತದೆ. ಗೋಡೆಗೆ ಒರಗಿಸಿದ, ಕೈಯಿಲ್ಲದ ಗಟ್ಟಿ ಕುರ್ಚಿ ಸಾಕು, ಪ್ಲಾಸ್ಟಿಕ್ಕಿನದು ಜಾರುತ್ತದೆ. ಕೈಗಳನ್ನು ಎದೆಗೆ ಕಟ್ಟಿ ಆದಷ್ಟು ಬೇಗ 5 ಸಲ ಎದ್ದು ಕೂರಿ, ಪಕ್ಕದಲ್ಲೊಬ್ಬರು ನಿಂತಿರಲಿ. 15 ಸೆಕೆಂಡ್ ಮೀರಿದರೆ ಕಾಲಿನ ಬಲ ಕುಂದಿದೆ ಎಂದರ್ಥ.

ಅದೇ ಸಂದೇಶದಲ್ಲಿರುವ ‘ದುಶ್ಚಟ ಗಂಡಸರದ್ದು ಮಾತ್ರ’ ಎಂಬ ಸಾಲೂ ತಪ್ಪು. 2016–17ರ ರಾಷ್ಟ್ರೀಯ ತಂಬಾಕು ಸಮೀಕ್ಷೆಯಂತೆ ದೇಶದ ವಯಸ್ಕ ಹೆಂಗಸರಲ್ಲಿ ಶೇ 12.8ರಷ್ಟು ಮಂದಿ ಹೊಗೆರಹಿತ ತಂಬಾಕು ಬಳಸುತ್ತಿದ್ದರು. ಎಲೆಯಡಿಕೆಯ ತಟ್ಟೆಯಲ್ಲಿರುವ ಹೊಗೆಸೊಪ್ಪಿನ ತುಂಡು ಆ ಲೆಕ್ಕದ್ದೇ.