28 ಇಂಟು ಒಂದೂವರೆ

ತಿಪಟೂರಿನಲ್ಲಿ ನಮ್ಮಪ್ಪನ ಸೈಕಲ್ ಶಾಪಿಗೆ ಟೈರು ಕೊಳ್ಳಲು ಬಂದವರಿಗೆ ಆರಿಸುವ ಕಷ್ಟವೇ ಇರಲಿಲ್ಲ. 28 ಇಂಟು ಒಂದೂವರೆ. ಗೋಡೆಯ ಮೊಳೆಗೆ ಸಾಲಾಗಿ ನೇತಾಡುತ್ತಿದ್ದವು. ಮೇಷ್ಟ್ರಿಗೂ ಅದೇ, ಹಾಲಿನವನಿಗೂ ಅದೇ, ಪೋಸ್ಟ್‌ಮ್ಯಾನ್‌ಗೂ ಅದೇ. ಯಾರಾದರೂ "ಇನ್ನೂ ಸ್ವಲ್ಪ ದಪ್ಪದ್ದು ಇದ್ಯಾ?" ಅಂದರೆ ಅಪ್ಪ ತಲೆ ಎತ್ತದೆ, "ಯಾಕೆ, ಸೈಕಲ್ಲಲ್ಲಿ ಗೊಬ್ಬರ ಹೊಡೀತೀರಾ?" ಅನ್ನುತ್ತಿದ್ದರು.

ಅಂಥವರ ಮಗ ನಾನು, ಮಿಶಿಗನ್‌ನ ಗ್ಯಾರೇಜಿನಲ್ಲಿ ಕೂತು ಒಂದು ಟೈರಿನ ಅಳತೆ ಆರಿಸಲು ಏಳು ತಿಂಗಳು ತೆಗೆದುಕೊಂಡೆ. ಏಳು ತಿಂಗಳು ಯೋಚಿಸಿಯೂ ತಪ್ಪಿದೆ.

ಕಾರು 1969ರ ಡಾಡ್ಜ್ ಡಾರ್ಟ್ ಜಿಟಿ. ಎರಡು ಬಾಗಿಲು, 318 ಕ್ಯೂಬಿಕ್ ಇಂಚಿನ ವಿ8, ಅಂದರೆ ಎಂಟು ಸಿಲಿಂಡರಿನ ಇಂಜಿನ್ನು, ನಮ್ಮ ಲೆಕ್ಕದಲ್ಲಿ 5.2 ಲೀಟರ್. ದೊಡ್ಡ ಇಂಜಿನ್ನಿನ ಜೋರು ಕಾರುಗಳಿಗೆ ಇಲ್ಲಿ ಮಸಲ್ ಕಾರು ಅನ್ನುತ್ತಾರೆ. ನಿಜವಾದ ಮಸಲ್ ಕಾರು ಅಂದರೆ ಇದರ ಅಣ್ಣ, 340 ಇಂಜಿನ್ನಿನ ಜಿಟಿಎಸ್. ನನ್ನದು ಪೈಲ್ವಾನನ ಪಕ್ಕ ನಿಂತು ಫೋಟೋ ತೆಗೆಸಿಕೊಂಡ ತಮ್ಮ. ಈ ಡಾರ್ಟ್‌ಗಳು ತಯಾರಾಗುತ್ತಿದ್ದ ಹ್ಯಾಮ್‌ಟ್ರಾಮಿಕ್‌ನ ಕಾರ್ಖಾನೆ 1980ರಲ್ಲಿ ಮುಚ್ಚಿತು. ಆ ಊರು ನಮ್ಮ ಮನೆಯಿಂದ ಅರ್ಧ ಗಂಟೆ ದಾರಿ. ಫೋನಿನಲ್ಲಿ ಅಪ್ಪನಿಗೆ ಸುದ್ದಿ ಹೇಳಿದೆ. "ಡಾಡ್ಜ್ ಅಂದ್ರೆ ಲಾರಿ ಅಲ್ವೇನೋ?" ಅಂದರು. ತಪ್ಪೇನಿಲ್ಲ. ಬೊಂಬಾಯಿಯ ಕುರ್ಲಾದಲ್ಲಿ ಪ್ರೀಮಿಯರ್‌ನವರು ಡಾಡ್ಜ್, ಫಾರ್ಗೋ ಹೆಸರಿನಲ್ಲಿ ಲಾರಿ ಮಾಡುತ್ತಿದ್ದ ಕಾಲದವರು ಅವರು.

ಹಿಂದಿನ ಮಾಲೀಕ ಹಾಕಿಸಿದ್ದ ಟೈರು 205/70ಆರ್14. ಬಿಳಿ ಪಟ್ಟೆ ಬೇರೆ. ಮಡ್‌ಗಾರ್ಡ್ ಕೆಳಗೆ ಅವು ದೊಗಲೆ ಚಡ್ಡಿಯೊಳಗಿನ ಸಣಕಲು ಕಾಲಿನ ಹಾಗೆ ಕಾಣುತ್ತಿದ್ದವು. ಹಿಂದುಗಡೆ ದಪ್ಪ ಟೈರು ಇಲ್ಲದ ಮೇಲೆ ಅದೆಂಥ ಮಸಲ್ಲು?

ಟೈರಿನ ಮೇಲೆ ಬರೆದಿರುವುದನ್ನು ಎಂದಾದರೂ ಗಮನಿಸಿದ್ದೀರಾ? 205 ಅಂದರೆ ಅಗಲ, ಮಿಲಿಮೀಟರಿನಲ್ಲಿ. 70 ಅಂದರೆ ಪಕ್ಕದ ಎತ್ತರ, ಅಗಲದ ನೂರಕ್ಕೆ 70ರಷ್ಟು. 14 ಅಂದರೆ ರಿಮ್ಮಿನ ಅಳತೆ, ಇಂಚಿನಲ್ಲಿ. ದಿನಸಿ ಚೀಟಿಯಲ್ಲಿ ಅಕ್ಕಿ ಸೇರಿನಲ್ಲಿ, ಬೇಳೆ ಕಿಲೋದಲ್ಲಿ, ಎಣ್ಣೆ "ಹೋದ ಸಲದಷ್ಟು" ಅಂತ ಬರೆದ ಹಾಗೆ. 1969ರಲ್ಲಿ ಇನ್ನೂ ವಿಚಿತ್ರ. ಇ70-14 ಅಂತ ಬರೆಯುತ್ತಿದ್ದರು. ಆ ಅಕ್ಷರ ಹೇಳುವುದು ಟೈರು ಎಷ್ಟು ಭಾರ ಹೊರುತ್ತದೆ ಅನ್ನುವುದನ್ನು. ಅಕ್ಷರಮಾಲೆಯಲ್ಲಿ ಮುಂದೆ ಹೋದಷ್ಟೂ ಭಾರ ಜಾಸ್ತಿ. ಅಗಲ ಎಷ್ಟು? ಅದನ್ನು ಬರೆಯುವ ಗೋಜಿಗೇ ಹೋಗುತ್ತಿರಲಿಲ್ಲ.

ನಾನು ಕಾಗದ ಪೆನ್ಸಿಲ್ ಹಿಡಿದು ಲೆಕ್ಕ ಹಾಕಿದೆ. ಈಗಿನ ಟೈರಿನ ಒಟ್ಟು ಎತ್ತರ 643 ಮಿಲಿಮೀಟರ್. ನನ್ನ ಕಣ್ಣಿದ್ದ 245/60ಆರ್15 ಹಾಕಿದರೆ 675. ನೂರಕ್ಕೆ ಐದು ಜಾಸ್ತಿ. ಸ್ಪೀಡೋಮೀಟರ್ ಮುಳ್ಳು 60 ತೋರಿಸುವಾಗ ಕಾರು 63ರಲ್ಲಿ ಓಡುತ್ತಿರುತ್ತದೆ. ಗಣಿತ ಮುಗಿಯಿತು ಅಂತ ಎದ್ದೆ. ಚಕ್ರ ಕಾರಿಗೆ ಕೂರುತ್ತದೋ ಇಲ್ಲವೋ ಅನ್ನುವುದು ಈ ಗಣಿತದಲ್ಲಿ ಇರಲೇ ಇಲ್ಲ.

ಹಳೇ ಬಿಡಿಭಾಗಗಳ ಸಂತೆಯೊಂದರಲ್ಲಿ ಟೈರು ಸಮೇತ ನಾಲ್ಕು ಚಕ್ರ ಸಿಕ್ಕವು. 15 ಇಂಚು, ಫಳಫಳ, ಐದು ತೂತು. ಮಾರುವವನು, "ನಾಲ್ಕೂವರೆ ಇಂಚಿಂದು, ಗೊತ್ತು ತಾನೆ?" ಅಂದ. ಐದು ತೂತುಗಳ ಮೇಲೆ ಹಾದುಹೋಗುವ ವೃತ್ತದ ಅಡ್ಡಳತೆ ಅದು. ಆ ಕಾಲದ ಫೋರ್ಡ್‌ನವರ ವಿ8 ಮಸ್ಟಾಂಗ್‌ಗೂ ನಾಲ್ಕೂವರೆ, ಡಾಡ್ಜ್ ಚಾರ್ಜರ್‌ಗೂ ನಾಲ್ಕೂವರೆ. ಡಾರ್ಟ್ ಅದೇ ಮನೆಯ ಮಗು ಅಲ್ವಾ? ಎಲ್ಲ ಬಲ್ಲವನ ಹಾಗೆ ತಲೆ ಅಲ್ಲಾಡಿಸಿದೆ.

ಮನೆಗೆ ತಂದು, ಕಾರಿನ ಬಲಗಡೆ ಜಾಕಿ ಕೊಟ್ಟು ಹಿಂದಿನ ಚಕ್ರ ಬಿಚ್ಚಿ, ಹೊಸದನ್ನು ಎತ್ತಿ ಹಿಡಿದೆ. ಒಂದು ಸ್ಟಡ್, ಅಂದರೆ ನಟ್ಟು ಕೂರುವ ಬೋಲ್ಟು, ಒಳಗೆ ಹೋಯಿತು. ಉಳಿದ ನಾಲ್ಕು ತೂತಿನ ಅಂಚಿನಿಂದ ಇಣುಕಿ ನೋಡಿ ಅಲ್ಲೇ ನಿಂತವು. ಆ ವರ್ಷದ ಡಾರ್ಟ್‌ಗೆ ನಾಲ್ಕೇ ಇಂಚು. ಇಡೀ ಮನೆತನಕ್ಕೆ ಒಂದಳತೆ, ಈ ಪುಟ್ಟ ಕಾರಿಗೆ ಬೇರೆ ಅಳತೆ. ಅಷ್ಟೂ ಸಾಲದು ಅಂತ ಟೈರಿನ ಪಕ್ಕದಲ್ಲಿ ಮುದ್ರೆಯ ಕೊನೆಗೆ 2309 ಅನ್ನುವ ನಾಲ್ಕಂಕಿ ಕಂಡಿತು. 2009ರ 23ನೇ ವಾರದಲ್ಲಿ ಹುಟ್ಟಿದ ರಬ್ಬರು! ಅಚ್ಚುಗಳೆಲ್ಲ ಹೊಸದರ ಹಾಗಿವೆ, ಸಂದುಗಳಲ್ಲಿ ಮಾತ್ರ ಬೇಸಿಗೆಯ ಕೆರೆಯಂಗಳದ ಬಿರುಕು. ಟೈರು ಬಿಚ್ಚಿ ಎಸೆದು, ಚಕ್ರಗಳನ್ನು ಒಬ್ಬ ಮಸ್ಟಾಂಗ್‌ನವನಿಗೆ ಅರ್ಧ ಬೆಲೆಗೆ ಕೊಟ್ಟೆ. ಅವನು ಅಳತೆ ಪಟ್ಟಿ ತಂದಿದ್ದ. ಅದು ನನಗೆ ಚುಚ್ಚಿತು.

ನಾಲ್ಕಿಂಚಿನ ಚಕ್ರ ಮಾಡುವವರು ಕಡಿಮೆ. ಹುಡುಕಿ ತರಿಸುವಷ್ಟರಲ್ಲಿ ಚಳಿಗಾಲ ಕಳೆಯಿತು. ಈ ಸಲ ಬುದ್ಧಿ ಬಂದಿತ್ತು. ಚಕ್ರದ ಹಿಂಬದಿಯ ಆಳ, ಅಂದರೆ ಒಳಗಿನ ಅಂಚಿನಿಂದ ಕಾರಿಗೆ ಕೂರುವ ಜಾಗದ ತನಕ ಎಷ್ಟು ಅನ್ನುವುದನ್ನೂ ಅಳೆಯಬೇಕಂತೆ. ಆಳ ಜಾಸ್ತಿಯಾದರೆ ಚಕ್ರ ಒಳಗೆ ಸರಿದು ಸ್ಪ್ರಿಂಗಿಗೆ ತಾಗುತ್ತದೆ, ಕಡಿಮೆಯಾದರೆ ಹೊರಗೆ ಬಂದು ಮಡ್‌ಗಾರ್ಡ್‌ಗೆ. ಚಕ್ರವನ್ನು ಗೋಣಿಚೀಲದ ಮೇಲೆ ಬೋರಲು ಹಾಕಿದೆ. ಮೇಲೆ ಅಡ್ಡ ಇಡಲು ನೇರವಾದದ್ದು ಏನಾದರೂ ಬೇಕಿತ್ತು. ಅಡುಗೆಮನೆಯಿಂದ ಲಟ್ಟಣಿಗೆ ತಂದೆ. ಅದನ್ನು ಅಂಚಿನಿಂದ ಅಂಚಿಗೆ ಇಟ್ಟು, ನಡುವೆ ಸ್ಕೇಲ್ ಇಳಿಸಿದೆ. ಸರಿಯಾಗಿ ನಾಲ್ಕಿಂಚು. 7 ಇಂಚಿನ ರಿಮ್ಮು, ಎರಡು ಕಡೆಯ ಅಂಚು ಸೇರಿ ಸುಮಾರು ಎಂಟು, ಅದರಲ್ಲಿ ನಾಲ್ಕು. ಅಂದರೆ ನಟ್ಟನಡುವೆ. ಇನ್ನೇನು ಬೇಕು?

ಆ ರಾತ್ರಿ ಚಪಾತಿ ತಿನ್ನುತ್ತಾ ಹೆಂಡತಿ, "ರೀ, ಏನೋ ಗ್ರೀಸ್ ವಾಸನೆ ಬರ್ತಿದೆ ಅಲ್ವಾ?" ಅಂದಳು. ನನಗೇನೂ ಬರುತ್ತಿಲ್ಲ ಅಂದೆ.

ಟೈರು ಅಂಗಡಿಯವನು, "ಈ ಕಾರಿಗೆ 225 ಸಾಕು" ಅಂದ. 245ನ್ನೇ ಹಾಕು ಅಂದೆ. ಏಳು ತಿಂಗಳು ಯೋಚಿಸಿದವನು ನಾನೋ ಅವನೋ?

ಜೋಡಿಸುವ ದಿನ ಬಲಗಡೆಯ ಎರಡು ಚಕ್ರ ಕಾಲು ಗಂಟೆಯಲ್ಲಿ ಬಂದವು. ಎಡಗಡೆ ಒಂದು ನಟ್ಟೂ ಅಲ್ಲಾಡಲಿಲ್ಲ. ಎಣ್ಣೆ ಬಿಟ್ಟೆ. ಸ್ಪ್ಯಾನರಿಗೆ ಉದ್ದದ ಪೈಪು ಸಿಕ್ಕಿಸಿ ಜಗ್ಗಿದೆ. ಕೊನೆಗೆ ಪೈಪಿನ ಮೇಲೇ ಹತ್ತಿ ನಿಂತೆ. ಟಕ್! ಸಡಿಲವಾಯಿತು ಅಂತ ಖುಷಿಪಟ್ಟು ನೋಡಿದರೆ ನಟ್ಟಿನ ಜೊತೆ ಸ್ಟಡ್ಡೂ ಮುರಿದು ಕೈಗೆ ಬಂದಿದೆ. ಎರಡನೆಯದಕ್ಕೂ ಅದೇ ಸೇವೆ ಮಾಡಿದೆ. ಅದೂ ಟಕ್.

ಇಲ್ಲಿ ರಾತ್ರಿ ಎಂಟೂವರೆ, ತಿಪಟೂರಿನಲ್ಲಿ ಬೆಳಗಿನ ಆರು. ವಿಡಿಯೋ ಕಾಲ್ ಮಾಡಿದೆ. ಅಪ್ಪ ಕಾಫಿ ಲೋಟ ಹಿಡಿದು ನೋಡಿದರು.

"ಎಡಗಡೆನಾ?"

"ಹೂಂ."

"ಸೈಕಲ್ಲಿನ ಎಡಗಡೆ ಪೆಡಲು ಬಿಚ್ಚೋಕೆ ಯಾವ ಕಡೆ ತಿರುಗಿಸ್ತಿದ್ವೋ?"

ನಾನು ಮಾತಾಡಲಿಲ್ಲ. ಉಳಿದ ಸ್ಟಡ್ಡಿನ ತುದಿಯ ತುಕ್ಕನ್ನು ಬಟ್ಟೆಯಲ್ಲಿ ಒರೆಸಿದೆ. 'ಎಲ್' ಅನ್ನುವ ಅಕ್ಷರ ಮೂಡಿತು. ಡಾಡ್ಜ್ ಮಾಡುತ್ತಿದ್ದ ಕ್ರೈಸ್ಲರ್ ಕಂಪನಿಯ ಆ ಕಾಲದ ಕಾರುಗಳ ಎಡಗಡೆ ನಟ್ಟುಗಳಿಗೆಲ್ಲ ಉಲ್ಟಾ ಥ್ರೆಡ್. ಚಕ್ರ ಮುಂದಕ್ಕೆ ಉರುಳುವಾಗ ತಾನಾಗಿ ಸಡಿಲವಾಗದಿರಲಿ ಅಂತ. ಅರ್ಧ ಗಂಟೆಯಿಂದ ನಾನು ಅವನ್ನು ಪೈಪು ಹಾಕಿ ಬಿಗಿ ಮಾಡುತ್ತಿದ್ದೆ!

"ಬೇಸಿಗೆ ರಜೆ ಪೂರ್ತಿ ಅಂಗಡೀಲಿ ಕೂತಿರ್ತಿದ್ದೆ," ಅಂದರು ಅಪ್ಪ. "ಕೂತಿದ್ದೆ ಅಷ್ಟೇ ಅನ್ನು."

ಹೊಸ ಸ್ಟಡ್ ಹಾಕಿಸಿ, ಚಕ್ರ ಏರಿಸಿ, ಸ್ಟೀರಿಂಗ್ ಎರಡೂ ಕಡೆ ಕೊನೆಯ ತನಕ ತಿರುಗಿಸಿ ನೋಡಿದೆ. ಎಲ್ಲೂ ತಾಗಲಿಲ್ಲ. ಬೇಸಿಗೆಯೆಲ್ಲ ಒಬ್ಬನೇ ಓಡಿಸಿದೆ. ಒಬ್ಬನೇ ಅನ್ನುವುದನ್ನು ನೆನಪಿಡಿ.

ಆಗಸ್ಟಿಗೆ ಅಪ್ಪ ಅಮ್ಮ ಬಂದರು. ಆಗಸ್ಟಿನ ಮೂರನೇ ಶನಿವಾರ ಇಲ್ಲಿ ವುಡ್‌ವರ್ಡ್ ಡ್ರೀಮ್ ಕ್ರೂಸ್. 1995ರಿಂದ ನಡೆದುಬಂದಿರುವ ಹಳೇ ಕಾರುಗಳ ಜಾತ್ರೆ. ಫರ್ನ್‌ಡೇಲ್‌ನಿಂದ ಪಾಂಟಿಯಾಕ್ ತನಕ ರಸ್ತೆ ಪಕ್ಕದಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಜನ ಕೂತಿರುತ್ತಾರೆ. ನಮ್ಮ ತೇರೂ ಹೊರಟಿತು. ಮುಂದಿನ ಸೀಟು ಮಡಚಿ, ಅಮ್ಮನ ಸೀರೆ ನೆರಿಗೆ ಹಿಡಿದು ಒಳಗೆ ಕೂರಿಸುವಷ್ಟರಲ್ಲಿ ಹತ್ತು ನಿಮಿಷ. ಅವರ ಪಕ್ಕ ಅಪ್ಪ. ನಡುವೆ ಚಕ್ಕುಲಿ ಡಬ್ಬ, ನೀರು, ಮಡಚುವ ಕುರ್ಚಿಗಳು.

ಮೊದಲ ತಿರುವಿನಲ್ಲೇ ಹಿಂದಿನಿಂದ ಕರ್ರ್‌ರ್ ಅಂತ ಶಬ್ದ ಬಂತು. ರಬ್ಬರು ಸುಟ್ಟ ವಾಸನೆ ಕೂಡ. ಎರಡನೇ ತಿರುವು, ಮತ್ತೆ ಕರ್ರ್‌ರ್.

"ಮಡ್‌ಗಾರ್ಡ್ ಉಜ್ತಿದೆ," ಅಂದರು ಅಪ್ಪ, ಬೀಳದ ಹಾಗೆ ಚಕ್ಕುಲಿ ಡಬ್ಬ ಹಿಡಿದುಕೊಂಡು.

ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದೆ. ಅಪ್ಪ ಇಳಿದು, ಮಂಡಿಯೂರಿ, ಮಡ್‌ಗಾರ್ಡಿನ ಒಳಮಡಿಕೆಗೂ ಟೈರಿಗೂ ನಡುವೆ ಬೆರಳು ಹಾಕಿ ನೋಡಿದರು. ಕಿರುಬೆರಳೂ ಹೋಗಲಿಲ್ಲ. ಪಕ್ಕದಲ್ಲಿ ಪೆಟ್ರೋಲ್ ಹಾಕಿಸುತ್ತಿದ್ದ ಹಳೇ ಷೆವೆಲ್ ಕಾರಿನ ಮುದುಕ ಬಗ್ಗಿ ನೋಡಿ, ಬೇಸ್‌ಬಾಲ್ ಬ್ಯಾಟನ್ನು ಆ ಸಂದಿಗೆ ತುರುಕಿ ಕಾರನ್ನು ಹಿಂದೆ ಮುಂದೆ ತಳ್ಳಿದರೆ ಮಡಿಕೆ ಮೇಲಕ್ಕೆ ಬಾಗುತ್ತದೆ, ಎಲ್ಲರೂ ಹಾಗೇ ಮಾಡುವುದು ಅಂದ. ನಾನು ಕನ್ನಡದಲ್ಲಿ ವಿವರಿಸಿದೆ. ಅಪ್ಪನಿಗೆ ತುಂಬಾ ಹಿಡಿಸಿತು. "ಒನಕೆ ಇದ್ಯೇನಮ್ಮ?" ಅಂತ ಸೊಸೆಯನ್ನು ಕೇಳಿದರು.

"ಒನಕೆ ಇಲ್ಲ ಮಾವ. ಲಟ್ಟಣಿಗೆ ಇದೆ, ಅದಕ್ಕೆ ಆಗ್ಲೇ ಗ್ರೀಸ್ ಹಚ್ಚಿದಾರೆ," ಅಂದಳು ಅವಳು. ನನ್ನ ಕಡೆ ನೋಡಲಿಲ್ಲ.

ಆವತ್ತಿನ ಮಟ್ಟಿಗೆ ಭಾರ ಇಳಿಸುವುದೊಂದೇ ದಾರಿ. ಲೆಕ್ಕ ಹಾಕಿದವರು ಅಪ್ಪ. ಹಿಂದೆ ಒಬ್ಬರೇ ಕೂರಬೇಕು. ಅಮ್ಮ 48 ಕಿಲೋ, ಹಿಂದೆ. ಅಪ್ಪ ಮುಂದೆ, ಅವರಿಗೆ ಮಂಡಿ ನೋವು. ಸೊಸೆ 57, ಅವಳೇ ಓಡಿಸಲಿ. "ನೀನೆಷ್ಟೋ?"

"84."

ಮನೆ ಇನ್ನೂ ಎರಡು ಬೀದಿ ಹಿಂದೆಯೇ ಇತ್ತು. ನಡೆದು ಹೋಗಿ ಮಿನಿವ್ಯಾನ್ ತಂದೆ. ಕುರ್ಚಿ, ನೀರು, ಚಕ್ಕುಲಿ ಡಬ್ಬ ನನ್ನ ಜೊತೆ. ಆ ಮಧ್ಯಾಹ್ನವೆಲ್ಲ ವುಡ್‌ವರ್ಡ್‌ನಲ್ಲಿ ನಾನು ಡಾರ್ಟ್‌ನ ಹಿಂದೆ ಹಿಂದೆಯೇ ಹೋದೆ. ಜನ ಎದ್ದು ನಿಂತು ಅದಕ್ಕೆ ಕೈ ಬೀಸುತ್ತಿದ್ದರು. ಅಮ್ಮ ಹಿಂದಿನ ಕಿಟಕಿಯಿಂದ ತಿರುಗಿ ಕೈ ಬೀಸುತ್ತಿದ್ದರು, ಥೇಟ್ ದಸರಾ ಮೆರವಣಿಗೆಯ ಹಾಗೆ. ಹಿಂದಿನಿಂದ ನೋಡಿದರೆ 245 ಎಷ್ಟು ಚೆನ್ನಾಗಿ ಕಾಣುತ್ತಿತ್ತು ಅಂತೀರಿ!