ಭಾವನ ಫೋನಿನಲ್ಲಿ ಯಾರ್ಯಾರದೋ ಆಧಾರ್

ಕಳೆದ ತಿಂಗಳು ಚಿಕ್ಕಮಗಳೂರಿನ ಕಡೆ ಆಲ್ದೂರಿನ ಹತ್ತಿರ ಇರುವ ಅಕ್ಕನ ಮನೆಗೆ ಹೋಗಿದ್ದೆ. ಕೈಕಾಲು ತೊಳೆದು ಕೂತಿದ್ದೆ ಅಷ್ಟೆ, ಭಾವ ತಮ್ಮ ಫೋನ್ ತಂದು ಕೈಗಿಟ್ಟರು. "ಇದೆಂತದು ನೋಡು ಮಾರಾಯ, ಸ್ಟೋರೇಜ್ ಫುಲ್ ಅಂತ ಹೊಡ್ಕೊಳ್ತಾ ಇದೆ. ಹೊಸದೇ ತಗೋಬೇಕಾ?" ನಾನು ಕಂಪ್ಯೂಟರ್ ಕೆಲಸದವನು ಅನ್ನೋ ಒಂದೇ ಕಾರಣಕ್ಕೆ ನೆಂಟರ ಮನೆಯಲ್ಲಿ ಕಾಫಿಗಿಂತ ಮೊದಲು ನನ್ನ ಮುಂದೆ ಬರುವುದು ಕೆಟ್ಟ ಫೋನು, ಪ್ರಿಂಟರು, ಒಮ್ಮೊಮ್ಮೆ ಟಿವಿ ರಿಮೋಟು. ಸಿಸ್ಟಂ ಅಡ್ಮಿನ್ ಅಂದರೆ ಕಚೇರಿಯ ಕಂಪ್ಯೂಟರು, ಸರ್ವರು ನೋಡಿಕೊಳ್ಳುವವನು ಅಂತ ಹದಿನಾಲ್ಕು ವರ್ಷ ಹೇಳಿ ನೋಡಿದೆ. ಈಗ ಬಿಟ್ಟಿದ್ದೇನೆ.

ಗ್ಯಾಲರಿ ತೆಗೆದೆ. ಕೊಳೆರೋಗ ಹಿಡಿದು ಕಪ್ಪಾದ ಕಾಫಿ ಎಲೆ, ಕಣದಲ್ಲಿ ಹರಡಿದ ಚೆರ್ರಿ, ಪಲ್ಪರ್‌ನ ಮುರಿದ ಒಂದು ಭಾಗ, ಮೊಮ್ಮಗುವಿನ ಹುಟ್ಟುಹಬ್ಬ. ಅದರ ಪಕ್ಕದಲ್ಲೇ ಯಾರೋ ಹುಡುಗಿಯ ಆಧಾರ್ ಕಾರ್ಡು, ಹಿಂದೆ ಮುಂದೆ ಎರಡೂ. ಅದರ ಪಕ್ಕ ಇನ್ನೊಂದು. ಕೆಳಗೆ ಎಳೆದಷ್ಟೂ ಆಧಾರ್. ಭಾವ ನಾಲ್ಕು ರೂಮಿನ ಹೋಮ್‌ಸ್ಟೇ ನಡೆಸುತ್ತಾರೆ, ಐದು ವರ್ಷ ಆಯ್ತು. ಬಂದವರೆಲ್ಲ ವಾಟ್ಸಾಪಿನಲ್ಲಿ ಆಧಾರ್ ಕಳಿಸಿದ್ದಾರೆ, ಅದು ತನ್ನಷ್ಟಕ್ಕೆ ಗ್ಯಾಲರಿಗೆ ಬಂದು ಕೂತಿದೆ. ಎಣಿಸಲು ಹೋಗಲಿಲ್ಲ, ಸಾವಿರದ ಮೇಲಂತೂ ಇತ್ತು. ಹುಬ್ಬಳ್ಳಿ, ಚೆನ್ನೈ, ಪುಣೆ. ಒಬ್ಬರು ಕಾರಿನ ಸೀಟಿನ ಮೇಲೆ ಕಾರ್ಡ್ ಇಟ್ಟು ಫೋಟೋ ಹೊಡೆದಿದ್ದರು, ಅಂಚಿನಲ್ಲಿ ಅರ್ಧ ತಿಂದ ಕೋಡುಬಳೆ ಪ್ಯಾಕೆಟ್ಟು ಕಾಣುತ್ತಿತ್ತು. ಮನೆ ವಿಳಾಸ, ಹುಟ್ಟಿದ ದಿನ, ಮುಖ, ಹನ್ನೆರಡು ಅಂಕಿ. ಎಲ್ಲವೂ ಅಷ್ಟು ಸ್ಪಷ್ಟವಾಗಿ.

ಅಷ್ಟಕ್ಕೇ ಮುಗಿದಿದ್ದರೆ ಪರವಾಗಿರಲಿಲ್ಲ. ಫೋನಿನಲ್ಲಿ ಗೂಗಲ್ ಫೋಟೋಸ್ ಬ್ಯಾಕಪ್ ಆನ್ ಇದೆ. ಆ ಅಕೌಂಟು ಬೆಂಗಳೂರಿನಲ್ಲಿರುವ ಮಗಳ ಫೋನಿನಲ್ಲೂ ಇದೆ, ಮೊಮ್ಮಗುವಿನ ಫೋಟೋ ನೋಡೋಕೆ ಅಂತ. ಅವಳಿಗೆ ಫೋನ್ ಮಾಡಿ ಕೇಳಿದರೆ ನಗುತ್ತಾಳೆ. "ಅಯ್ಯೋ ಮಾವ, ಮೂರು ವರ್ಷದ ಹಿಂದೆ ಈ ದಿನ ಅಂತ ಹಾಡು ಹಾಕಿ ಯಾರ್ಯಾರದೋ ಆಧಾರ್ ತೋರಿಸುತ್ತೆ ನಂಗೆ." ತೋಟದ ಲೆಕ್ಕ ಬರೆಯುವ ರೈಟ್ರ ಫೋನಿನಲ್ಲೂ ಆ ಅಕೌಂಟು ಇದೆ, ಭಾವ ಊರಲ್ಲಿ ಇಲ್ಲದಾಗ ಗೆಸ್ಟುಗಳನ್ನು ನೋಡಿಕೊಳ್ಳುವವರು ಅವರೇ.

ಭಾವನದು ತಪ್ಪು ಅಂತ ಹೇಳೋದು ಸುಲಭ. ಆದರೆ ಅವರ ಮಾತೂ ಸರಿಯೇ. "ನಾಳೆ ಪೊಲೀಸಿನವರು ಬಂದು ಯಾರು ಉಳ್ಕೊಂಡಿದ್ರು ಅಂದ್ರೆ ನಾನೆಂತ ತೋರಿಸ್ಲಿ?" ಅಂದರು. ವಿದೇಶಿಯರು ಬಂದರೆ 24 ಗಂಟೆಯೊಳಗೆ ಸರ್ಕಾರಕ್ಕೆ ಫಾರಂ ತುಂಬಿ ಕಳಿಸಬೇಕು, ಅದೂ ಅವರಿಗೆ ಗೊತ್ತು. ದಾಖಲೆ ಇಡಬೇಕು, ಒಪ್ಪಿದೆ. ರಿಜಿಸ್ಟರ್ ಪುಸ್ತಕವೂ ಇದೆ, ನೀಟಾಗಿ ಬರೆದಿದ್ದಾರೆ. ಪುಸ್ತಕದಲ್ಲಿ ಬರೆದಾದ ಮೇಲೆ ಮೂರು ಫೋನಿನಲ್ಲಿ ಫೋಟೋ ಯಾಕೆ ಅನ್ನೋದಷ್ಟೇ ನನ್ನ ತಕರಾರು.

ಇದು ಭಾವನೊಬ್ಬರ ಕಥೆ ಅಲ್ಲ. ಚಿಕ್ಕಮಗಳೂರಿನಲ್ಲಿ ಯಾವುದೇ ಝೆರಾಕ್ಸ್ ಅಂಗಡಿಗೆ ಹೋಗಿ. ಗೋಡೆ ಮೇಲೆ ಒಂದು ವಾಟ್ಸಾಪ್ ನಂಬರ್ ಅಂಟಿಸಿರುತ್ತಾರೆ, ಅದಕ್ಕೆ ಕಳಿಸಿದರೆ ಪ್ರಿಂಟ್ ತೆಗೆದು ಕೊಡುತ್ತಾರೆ. ಹತ್ತು ರೂಪಾಯಿ ಕೊಟ್ಟು ಬರುತ್ತೇವೆ, ನಮ್ಮ ಪಾನ್, ಪಹಣಿ, ಪಾಸ್‌ಬುಕ್ಕು ಆ ಕಂಪ್ಯೂಟರಿನ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಉಳಿಯುತ್ತದೆ. ಅಂಗಡಿಯ ಹುಡುಗ ಕೆಟ್ಟವನಲ್ಲ, ಪಾಪ, ಅಳಿಸೋಕೆ ಪುರುಸೊತ್ತಿಲ್ಲ.

2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿಯೇ ಇದನ್ನು ಹೇಳಿತ್ತು. ಹೋಟೆಲ್ಲು, ಸಿನಿಮಾ ಟಾಕೀಸಿನಂಥ ಖಾಸಗಿಯವರಿಗೆ ಆಧಾರ್ ಝೆರಾಕ್ಸ್ ಕೊಡಬೇಡಿ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ ಅಂತ. ಜನ ಗಾಬರಿಯಾದರು. ಎರಡೇ ದಿನದಲ್ಲಿ, ತಪ್ಪು ಅರ್ಥ ಬರಬಹುದು ಅಂತ ಕೇಂದ್ರ ಸರ್ಕಾರ ಅದನ್ನು ವಾಪಸ್ ತಗೊಂಡಿತು. ನನಗೇನೋ ಆ ಮೊದಲ ಮಾತೇ ಸರಿ ಅನ್ನಿಸುತ್ತದೆ. ಮಾಸ್ಕ್ಡ್ ಆಧಾರ್ ಈಗಲೂ ಡೌನ್‌ಲೋಡ್ ಮಾಡಬಹುದು. ಇನ್ನೊಂದು ವಿಷಯ, ಝೆರಾಕ್ಸನ್ನು ಯಾರು ಬೇಕಾದರೂ ತಿದ್ದಬಹುದು, ಅದರಲ್ಲಿರುವ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಮಾತ್ರ ಅಸಲಿಯೋ ಅಲ್ಲವೋ ಗೊತ್ತಾಗುವುದು. ಅದನ್ನು ಸ್ಕ್ಯಾನ್ ಮಾಡುವ ಒಬ್ಬ ಹೋಮ್‌ಸ್ಟೇಯವರನ್ನೂ ನಾನಿನ್ನೂ ನೋಡಿಲ್ಲ.

"ಆಧಾರ್ ನಂಬರ್ ಸಿಕ್ಕಿದ್ರೆ ದುಡ್ಡು ಹೋಗುತ್ತಾ?" ಅಂತ ಅಕ್ಕ ಕೇಳಿದಳು. ಬರೀ ನಂಬರಿನಿಂದ ಹೋಗಲ್ಲ. ಆಧಾರ್ ಮೂಲಕ ದುಡ್ಡು ತೆಗೆಯೋಕೆ ಬೆರಳಚ್ಚಿನಂಥ ಬಯೋಮೆಟ್ರಿಕ್ ಗುರುತೂ ಬೇಕು, ಆದರೆ ಅಲ್ಲಿ ಪಿನ್ನೂ ಇಲ್ಲ, ಓಟಿಪಿಯೂ ಇಲ್ಲ, ಹಾಗಾಗಿ ಬಯೋಮೆಟ್ರಿಕ್ ಲಾಕ್ ಮಾಡಿಡೋದು ಒಳ್ಳೇದು. ನನಗೆ ಜಾಸ್ತಿ ಭಯ ಇರೋದು ಬೇರೆ ಕಡೆ. ಯಾರೋ ಫೋನ್ ಮಾಡಿ ನಿಮ್ಮ ಹೆಸರು, ಅಪ್ಪನ ಹೆಸರು, ಮನೆ ನಂಬರು, ಹುಟ್ಟಿದ ತಾರೀಕು ಎಲ್ಲ ಸರಿಯಾಗಿ ಹೇಳಿ, "ನಿಮ್ಮ ಆಧಾರ್ ಒಂದು ಕೇಸಿನಲ್ಲಿ ಸಿಕ್ಕಿದೆ" ಅಂದರೆ ಎಂಥವರಿಗೂ ಕೈಕಾಲು ನಡುಗುತ್ತೆ. ಪೊಲೀಸರ ಸೋಗಿನಲ್ಲಿ ಫೋನಿನಲ್ಲೇ ಬಂಧಿಸಿದ್ದೇವೆ ಅಂತ ಹೆದರಿಸಿ ದುಡ್ಡು ಕೀಳುವ ಡಿಜಿಟಲ್ ಅರೆಸ್ಟ್ ಅನ್ನೋ ಮೋಸ ನಡೆಯೋದೇ ಹೀಗೆ. ಅಂಥದ್ದೊಂದು ಅರೆಸ್ಟ್ ಕಾನೂನಿನಲ್ಲಿ ಇಲ್ಲವೇ ಇಲ್ಲ. ದುಡ್ಡು ಹೋದ ಕೂಡಲೇ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ನಮ್ಮ ಕಡೆಯವರಿಗೆ ನೆನಪಿಡೋದು ಸುಲಭ, ಮುಳ್ಳಯ್ಯನಗಿರಿಯ ಎತ್ತರವೂ 1930 ಮೀಟರ್.

ಇಷ್ಟೆಲ್ಲ ಬುದ್ಧಿ ಹೇಳುವ ನನ್ನ ಕಥೆಯನ್ನೂ ಹೇಳಿಬಿಡುತ್ತೇನೆ. ಕೆಲವು ವರ್ಷದ ಹಿಂದೆ ಇಲ್ಲೇ ಒಂದು ಕಾಫಿ ವ್ಯಾಪಾರದ ಕಚೇರಿಯಲ್ಲಿದ್ದೆ, ಹೆಸರು ಬೇಡ. 2017ರ ಮೇನಲ್ಲಿ ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವನ್ನಾಕ್ರೈ ಬಂತಲ್ಲ, ಅದನ್ನು ತಡೆಯುವ ಅಪ್ಡೇಟನ್ನು ಮೈಕ್ರೋಸಾಫ್ಟ್ ಎರಡು ತಿಂಗಳ ಮೊದಲೇ ಬಿಟ್ಟಿತ್ತು, ಹಾಕಿಕೊಳ್ಳದವರು ಕೆಟ್ಟರು ಅಂತ ಕಚೇರಿಯಲ್ಲಿ ಎಲ್ಲರಿಗೂ ಪಾಠ ಮಾಡುತ್ತಿದ್ದೆ. ಒಂದು ಜುಲೈ. ಮರ ಬಿದ್ದು ರಸ್ತೆ ಬಂದ್, ಕಚೇರಿಗೆ ಹೋಗುವ ಹಾಗಿಲ್ಲ. ಮನೆಯಿಂದ ಕೆಲಸ ಮಾಡೋಣ ಅಂತ ರೌಟರಿನಲ್ಲಿ ರಿಮೋಟ್ ಡೆಸ್ಕ್‌ಟಾಪಿನ 3389 ಪೋರ್ಟ್ ತೆಗೆದೆ, ಅಂದರೆ ಹೊರಗಿನಿಂದ ಕಚೇರಿಯ ಕಂಪ್ಯೂಟರಿನೊಳಗೆ ಬರುವ ಬಾಗಿಲು. ಮಳೆ ನಿಂತಿತು, ಪೋರ್ಟ್ ಮುಚ್ಚೋದು ಮರೆತೆ.

ಒಂದು ಸೋಮವಾರ ಬೆಳಿಗ್ಗೆ ಹೋದರೆ ಲೆಕ್ಕಪತ್ರದ ಟ್ಯಾಲಿ ಸಾಫ್ಟ್‌ವೇರ್ ತೆರೆಯುತ್ತಿಲ್ಲ. ಎಲ್ಲ ಫೈಲಿನ ಹೆಸರಿಗೂ ವಿಚಿತ್ರ ಬಾಲ. ದುಡ್ಡು ಕೇಳುವ ಒಂದು ಚೀಟಿ, ಪ್ರತಿ ಫೋಲ್ಡರಿನಲ್ಲೂ. ಯಾರು ಯಾವಾಗ ಒಳಗೆ ಬಂದರು ಅಂತ ಕಂಪ್ಯೂಟರ್ ಬರೆದಿಡುವ ಲಾಗ್ ತೆಗೆದು ನೋಡಿದೆ. 4625, 4625, 4625. ಲಾಗಿನ್ ಆಗಲಿಲ್ಲ ಅನ್ನೋದಕ್ಕೆ ವಿಂಡೋಸ್ ಕೊಡುವ ನಂಬರ್ ಅದು. ಯಾರೋ ರಾತ್ರಿಯಿಡೀ ಬಾಗಿಲು ತಟ್ಟಿದ್ದಾರೆ, ಅಡ್ಮಿನ್, ಯೂಸರ್, ಟ್ಯಾಲಿ, ಅಕೌಂಟ್ಸ್ ಅಂತ ಒಂದೊಂದೇ ಹೆಸರು ಹಿಡಿದು. ಕೊನೆಗೆ 'ಸ್ಕ್ಯಾನ್' ಅಂದಾಗ ಬಾಗಿಲು ತೆರೆದಿದೆ. ಸ್ಕ್ಯಾನರಿಗೆ ಅಂತ ನಾನೇ ಮಾಡಿದ್ದ ಅಕೌಂಟು, ಪಾಸ್‌ವರ್ಡ್ ಸ್ಕ್ಯಾನ್123. ಆ ಸಾಲನ್ನು ನೋಡಿದಾಗ ಹೊಟ್ಟೆಯಲ್ಲಿ ಆದದ್ದು ಇವತ್ತಿಗೂ ನೆನಪಿದೆ. ಬ್ಯಾಕಪ್ ಇತ್ತು. ಆದರೆ ಆ ಹಾರ್ಡ್‌ಡಿಸ್ಕನ್ನು ಸರ್ವರಿಗೇ ಸಿಕ್ಕಿಸಿ ಬಿಟ್ಟಿದ್ದೆ, ಅದೂ ಹೋಗಿತ್ತು.

ಕಚೇರಿಯನ್ನು ಉಳಿಸಿದ್ದು ಅಕೌಂಟ್ಸ್ ನೋಡುತ್ತಿದ್ದ ಹಿರಿಯರು. ಅವರು ಶನಿವಾರ ಟ್ಯಾಲಿ ಡೇಟಾ ಕಾಪಿ ಮಾಡಿ, ಟವಲಿನಲ್ಲಿ ಸುತ್ತಿ, ಮನೆಯ ಗಾಡ್ರೇಜ್ ಬೀರುವಿನಲ್ಲಿ ಇಡುತ್ತಿದ್ದರು. ನಾನು ಅದಕ್ಕೆ ನಕ್ಕಿದ್ದೆ. ಮೂರು ಕಾಪಿ ಇರಬೇಕು, ಎರಡು ಥರದ ಜಾಗದಲ್ಲಿ, ಒಂದು ಕಚೇರಿಯಿಂದ ಹೊರಗೆ ಅಂತ ನಾವು ಓದಿದವರು 3-2-1 ಅಂತೀವಿ. ಅವರಿಗೆ ಆ ಲೆಕ್ಕ ಗೊತ್ತಿರಲಿಲ್ಲ, ಹೊರಗಿಡಬೇಕು ಅನ್ನೋದು ಗೊತ್ತಿತ್ತು. ಒಂದು ಶನಿವಾರ ತಪ್ಪಿದ್ದರಿಂದ ಒಂಬತ್ತು ದಿನದ ಬಿಲ್ಲುಗಳನ್ನು ಕಾಗದ ನೋಡಿ ಮತ್ತೆ ತುಂಬಿದೆವು.

ಆಮೇಲೆ ಹೊಳೆಯಿತು, ಆ ಡಿಸ್ಕಿನಲ್ಲಿ ನೂರಾರು ಬೆಳೆಗಾರರ ಬ್ಯಾಂಕ್ ಅಕೌಂಟು, ಪಾನ್ ನಂಬರ್ ಇವೆ, ಯಾವ ಬೀಗವೂ ಇಲ್ಲದೆ. ಹೊಸ ಡಿಸ್ಕ್ ತಂದು, ಪಾಸ್‌ವರ್ಡ್ ಇಲ್ಲದೆ ತೆರೆಯದ ಹಾಗೆ ಬಿಟ್‌ಲಾಕರ್ ಬೀಗ ಹಾಕಿ ಕೊಟ್ಟೆ. ಮುಂದಿನ ವಾರ ನೋಡಿದರೆ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಡಿಸ್ಕಿನ ಬೆನ್ನಿಗೇ ಅಂಟಿಸಿದ್ದರು.

ಹದಿನಾಲ್ಕು ವರ್ಷದಲ್ಲಿ ನಾನು ಕಂಡದ್ದು ಇದೇ. ಬೇಕಾದ್ದರ ಕಾಪಿ ಒಂದೇ ಒಂದು, ಅದೂ ಆಯುಷ್ಯ ಮುಗಿದ ಯುಪಿಎಸ್‌ಗೆ ಸಿಕ್ಕಿಸಿದ ಸರ್ವರಿನಲ್ಲಿ. ಬೇಡದ್ದರ ಕಾಪಿ ಊರ ತುಂಬ. ಪಾಸ್‌ವರ್ಡು, ಫೈರ್‌ವಾಲು, ಆಂಟಿವೈರಸ್ಸು ಅಂತ ಮಾರುವವರು ಬಹಳ ಜನ ಇದ್ದಾರೆ, ಅಳಿಸಿ ಅಂತ ಹೇಳುವವರು ಯಾರೂ ಇಲ್ಲ, ಅದರಲ್ಲಿ ಕಮಿಷನ್ ಇಲ್ಲವಲ್ಲ. ಕಾನೂನಂತೂ ಬಂದಿದೆ. ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬತ್ತಾರನೇ ವಯಸ್ಸಿನಲ್ಲಿ ಹಾಕಿದ ಅರ್ಜಿಯಿಂದ 2017ರಲ್ಲಿ ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಹೇಳಿದರು. 2023ರಲ್ಲಿ ಡೇಟಾ ಕಾಯ್ದೆ ಆಯ್ತು. ತಗೊಂಡ ಕೆಲಸ ಮುಗಿದ ಮೇಲೆ ಮಾಹಿತಿ ಅಳಿಸಬೇಕು, ಕಾಪಾಡದಿದ್ದರೆ 250 ಕೋಟಿವರೆಗೂ ದಂಡ ಅಂತ ಅದರಲ್ಲಿದೆ. ಇದನ್ನು ಭಾವನಿಗೆ ಹೇಳಿದರೆ, "250 ಕೋಟಿನಾ? ನಮ್ಮ ತೋಟದ ಜೊತೆ ಪಕ್ಕದ ತೋಟ ಮಾರಿದ್ರೂ ಆಗಲ್ವಲ್ಲ ಮಾರಾಯ" ಅಂದರು.

ಆ ಸಂಜೆ ವಾಟ್ಸಾಪಿನಿಂದ ಗ್ಯಾಲರಿಗೆ ಫೋಟೋ ಬೀಳೋದನ್ನು ನಿಲ್ಲಿಸಿ, ಹಳೆಯದನ್ನು ನೀವೇ ಕೂತು ಅಳಿಸಿ ಅಂತ ಹೇಳಿ ಬಂದೆ.

ಮೊನ್ನೆ ಭಾನುವಾರ ಭಾವನ ಫೋನು. ಎಲ್ಲ ಅಳಿಸಿದರಂತೆ, ಸ್ಟೋರೇಜ್ ಖಾಲಿಯಂತೆ, ಬಹಳ ಖುಷಿ. ಆಮೇಲೆ ದನಿ ಸಣ್ಣದಾಯಿತು. "ಆ ಕೊಳೆರೋಗದ ಎಲೆ ಫೋಟೋನೂ ಹೋಯ್ತು ಮಾರಾಯ. ಕಾಫಿ ಬೋರ್ಡಿನವರಿಗೆ ತೋರಿಸ್ಬೇಕಿತ್ತು. ಎಲ್ಲಾದ್ರೂ ಕಾಪಿ ಇರುತ್ತಾ?"

"ಗೂಗಲ್ ಫೋಟೋಸ್ ಟ್ರ್ಯಾಷ್‌ನಲ್ಲಿ 60 ದಿನ ಇರುತ್ತೆ ಭಾವ, ವಾಪಸ್ ತಗೋಬಹುದು" ಅಂದೆ.

ಒಂದು ಕ್ಷಣ ಸುಮ್ಮನಿದ್ದರು.

"ಹಾಗಾದ್ರೆ ಆಧಾರೂ ಅಲ್ಲೇ ಇದ್ಯಾ?"